ಸಂಕಲ್ಪವಿಲ್ಲದ ಉಪಕಾರ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಡಾಟನ್ ಮತ್ತು ಶೇ ಎಂಬ ಇಬ್ಬರು ವಿಜ್ಞಾನಿಗಳು ಎರಡು ಜಾತಿಯ ಬ್ಯಾಕ್ಟೀರಿಯಾಗಳನ್ನು ಒಂದೇ ಪಾತ್ರೆಯಲ್ಲಿಟ್ಟು, ಅವಕ್ಕೆ ವಿಷವನ್ನೇ ಆಹಾರವಾಗಿ ಕೊಟ್ಟರು. ಆ ವಿಷದ ಹೆಸರು ಪ್ಯಾರಾಥಿಯಾನ್. ನಮ್ಮ ಕಡೆಯ ಹಳೆಯ ರೈತರಿಗೆ ಅದು ಫಾಲಿಡಾಲ್ ಎಂದರೆ ಬೇಗ ಗೊತ್ತಾಗುತ್ತದೆ. 1977ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಪ್ಯಾರಾಥಿಯಾನ್ ಬೆರೆತ ದ್ರವ ಪಾತ್ರೆಯೊಳಕ್ಕೆ ಒಂದೇ ಸಮನೆ ಇಳಿಯುತ್ತಿತ್ತು. ಇಳಿದಷ್ಟೇ ದ್ರವ ಇನ್ನೊಂದು ಕಡೆಯಿಂದ ಹೊರಬೀಳುತ್ತಿತ್ತು. ಅಲ್ಲಿ ಹೊಟ್ಟೆ ತುಂಬಿಸಿಕೊಂಡು ಬೆಳೆಯಲಾರದ ಜೀವಿ ದ್ರವದ ಜೊತೆಗೇ ಕೊಚ್ಚಿಹೋಗಬೇಕು. ಎರಡೂ ಉಳಿದುಕೊಂಡವು.

ಹೇಗೆ ಉಳಿದವು ಎಂಬುದರಲ್ಲೇ ಇರುವುದು ಸ್ವಾರಸ್ಯ. ಮೊದಲನೆಯದು ಸ್ಯೂಡೊಮೊನಾಸ್ ಸ್ಟುಟ್ಜೆರಿ. ಪ್ಯಾರಾಥಿಯಾನ್ ಅಣುವನ್ನು ಎರಡು ತುಂಡು ಮಾಡಲು ಅದಕ್ಕೆ ಬರುತ್ತದೆ, ಆದರೆ ಆ ತುಂಡುಗಳನ್ನು ತಿಂದು ಬೆಳೆಯಲು ಬರುವುದಿಲ್ಲ. ತುಂಡುಗಳಲ್ಲಿ ಒಂದು ಪ್ಯಾರಾನೈಟ್ರೋಫಿನಾಲ್. ನೀರಿಗೆ ಹಳದಿ ಬಣ್ಣ ಕೊಡುವಂಥದು, ತಾನೂ ವಿಷವೇ. ಎರಡನೆಯದು ಸ್ಯೂಡೊಮೊನಾಸ್ ಏರುಜಿನೋಸಾ. ಪ್ಯಾರಾಥಿಯಾನನ್ನು ಮುಟ್ಟಲೂ ಅದರಿಂದಾಗದು. ಮೊದಲನೆಯದು ಒಡೆದುಬಿಟ್ಟ ಹಳದಿ ಪದಾರ್ಥವೇ ಅದರ ಊಟ. ಅದು ಉಂಡು ಬೆಳೆಯುವಾಗ ಅದರ ಮೈಯಿಂದ ಸೋರುವ, ಅದು ಸತ್ತಾಗ ಬಿಡುಗಡೆಯಾಗುವ ಪದಾರ್ಥಗಳ ಮೇಲೆ ಸ್ಟುಟ್ಜೆರಿಯ ಜೀವನ ನಡೆಯುತ್ತದೆ. ಒಂದಕ್ಕೆ ಬೀಗ ತೆಗೆಯಲು ಬರುತ್ತದೆ, ಇನ್ನೊಂದಕ್ಕೆ ಉಣ್ಣಲು ಬರುತ್ತದೆ. ಯಾವುದನ್ನು ತೆಗೆದರೂ ಪಾತ್ರೆಯಲ್ಲಿ ವಿಷ ಉಳಿಯುತ್ತದೆ, ಜೀವ ಅಳಿಯುತ್ತದೆ.

ಇದನ್ನು ಉಪಕಾರ ಎನ್ನಬಹುದೇ? ಸ್ಟುಟ್ಜೆರಿಗೆ ಪಕ್ಕದಲ್ಲಿ ಹಸಿದವರಿದ್ದಾರೆ ಎಂಬ ಅರಿವಿಲ್ಲ. ಏರುಜಿನೋಸಾಗೆ ಋಣದ ಭಾವವಿಲ್ಲ. ಎರಡರಲ್ಲಿ ಯಾವುದಕ್ಕೂ ಮನಸ್ಸಿಲ್ಲ, ಸಂಕಲ್ಪವಿಲ್ಲ. ಆದರೂ ಒಂದರ ಬದುಕು ಇನ್ನೊಂದರಿಂದ ನಡೆಯುತ್ತಿದೆ; ಅಷ್ಟೇ ಅಲ್ಲ, ಅವೆರಡರ ನಡುವಿನ ಕೊಡು-ಕೊಳುವಿನಿಂದ ಮೂರನೆಯವರಾದ ಮನುಷ್ಯರಿಗೂ ಒಳಿತಾಗುತ್ತಿದೆ. ಉದ್ದೇಶವಿಲ್ಲದೆ ಆದ ಒಳಿತು ಧರ್ಮದ ಲೆಕ್ಕಕ್ಕೆ ಬರುತ್ತದೆಯೇ ಎಂಬ ಪ್ರಶ್ನೆ ಹೊಸದಲ್ಲ. ಅದನ್ನು ಕರ್ನಾಟಕದ ನೆಲದಲ್ಲಿ ಬಹಳ ಹಿಂದೆಯೇ, ಬಹಳ ಸೂಕ್ಷ್ಮವಾಗಿ ಯೋಚಿಸಿದವರಿದ್ದರು.

ಜೈನರ ಎಲ್ಲ ಪಂಥಗಳೂ ಒಪ್ಪುವ ಗ್ರಂಥವೆಂದರೆ ತತ್ತ್ವಾರ್ಥಸೂತ್ರ. ಅದರ ಐದನೆಯ ಅಧ್ಯಾಯದಲ್ಲಿ, ಜೀವಗಳ ಕೆಲಸವೇ ಒಂದಕ್ಕೊಂದು ನೆರವಾಗುವುದು ಎಂಬ ಅರ್ಥದ ಸೂತ್ರವೊಂದಿದೆ. 1975ರಲ್ಲಿ ಅಂಗೀಕಾರವಾದ ಜೈನ ಲಾಂಛನದ ಅಡಿಯಲ್ಲಿ ಬರೆದಿರುವುದೂ ಅದನ್ನೇ. ಹಾಗಾಗಿ ಬಸದಿಯ ಗೋಡೆಯ ಮೇಲೆ, ಮದುವೆಯ ಕರೆಯೋಲೆಯ ಮೇಲೆ ಅದನ್ನು ಕಂಡವರು ಬಹಳ ಜನ. ಆದರೆ ಆ ಸೂತ್ರ ಗ್ರಂಥದಲ್ಲಿ ಎಲ್ಲಿ ಬರುತ್ತದೆ ಎಂಬುದನ್ನು ಗಮನಿಸಿದವರು ಕಡಿಮೆ. ಅದು ನೀತಿ ಹೇಳುವ ಅಧ್ಯಾಯದಲ್ಲಿಲ್ಲ. ಜಗತ್ತು ಯಾವ ಯಾವ ದ್ರವ್ಯಗಳಿಂದಾಗಿದೆ, ಯಾವ ದ್ರವ್ಯದ ಕೆಲಸ ಏನು ಎಂದು ವಿವರಿಸುವ ಅಧ್ಯಾಯದಲ್ಲಿದೆ. ಚಲನೆಗೆ ನೆರವಾಗುವುದು ಧರ್ಮದ್ರವ್ಯ, ನಿಲುಗಡೆಗೆ ನೆರವಾಗುವುದು ಅಧರ್ಮದ್ರವ್ಯ, ಇರಲು ಜಾಗ ಕೊಡುವುದು ಆಕಾಶ. ಹೀಗೆ ಒಂದೊಂದನ್ನೇ ಹೇಳುತ್ತ ಬಂದು, ಜೀವದ ಸರದಿ ಬಂದಾಗ ಈ ಮಾತು ಬರುತ್ತದೆ. ಅಂದರೆ ಅಲ್ಲಿ ಅದು ಜೀವಿಗಳು ಹೀಗಿರಬೇಕು ಎಂಬ ಬೋಧನೆಗಿಂತ ಮೊದಲು, ಜೀವಿಗಳು ಇರುವುದೇ ಹೀಗೆ ಎಂಬ ವರ್ಣನೆ.

ಧರ್ಮದ್ರವ್ಯ ಚಲನೆಗೆ ಹೇಗೆ ನೆರವಾಗುತ್ತದೆ ಎನ್ನುವುದಕ್ಕೆ ಶಾಸ್ತ್ರಕಾರರು ಕೊಡುವ ದೃಷ್ಟಾಂತ ನೀರು ಮತ್ತು ಮೀನು. ನೀರು ಮೀನನ್ನು ದೂಡುವುದಿಲ್ಲ, ಕರೆಯುವುದಿಲ್ಲ, ಈಜೆಂದು ಹೇಳುವುದಿಲ್ಲ. ಆದರೆ ನೀರಿಲ್ಲದೆ ಮೀನು ಈಜಲಾರದು. ಇಂಥ ನೆರವಿಗೆ ಉದಾಸೀನ ನಿಮಿತ್ತ ಎಂಬ ಹೆಸರಿದೆ. ಇದಕ್ಕೆ ಪೂರ್ತಿ ವಿರುದ್ಧ ತುದಿಯಲ್ಲಿರುವ ಉದಾಹರಣೆಯನ್ನು ಪೂಜ್ಯಪಾದರ ಸರ್ವಾರ್ಥಸಿದ್ಧಿ ಕೊಡುತ್ತದೆ. ಗಂಗರ ಕಾಲದ ಕರ್ನಾಟಕದೊಂದಿಗೆ ಪರಂಪರೆ ಜೋಡಿಸುವ ಈ ಆಚಾರ್ಯರು ಜೀವಗಳ ಪರಸ್ಪರ ನೆರವನ್ನು ವಿವರಿಸುವಾಗ ಒಡೆಯ ಮತ್ತು ಆಳು, ಗುರು ಮತ್ತು ಶಿಷ್ಯ ಎಂಬ ಜೋಡಿಗಳನ್ನು ಮುಂದಿಡುತ್ತಾರೆ. ಒಡೆಯ ಹಣ ಕೊಟ್ಟು ಆಳಿಗೆ ನೆರವಾಗುತ್ತಾನೆ. ಆಳು ಹಿತವಾದದ್ದನ್ನು ಮಾಡಿ, ಅಹಿತವನ್ನು ತಡೆದು ಒಡೆಯನಿಗೆ ನೆರವಾಗುತ್ತಾನೆ. ಗುರುಶಿಷ್ಯರ ನಡುವೆಯೂ ಹಾಗೆಯೇ. ಇಲ್ಲಿ ಇಬ್ಬರಿಗೂ ಮನಸ್ಸಿದೆ, ಇಬ್ಬರೂ ಬಲ್ಲವರು.

ಡೇವಿಸ್ಸಿನ ಪಾತ್ರೆಯಲ್ಲಿದ್ದ ಎರಡು ಬ್ಯಾಕ್ಟೀರಿಯಾ ಈ ಎರಡು ತುದಿಗಳಲ್ಲಿ ಎಲ್ಲಿ ನಿಲ್ಲುತ್ತವೆ? ನೀರಿನ ಹಾಗೆ ಅವು ಜಡವಲ್ಲ. ಹುಟ್ಟುತ್ತವೆ, ಹಸಿಯುತ್ತವೆ, ಸಾಯುತ್ತವೆ. ಗುರುಶಿಷ್ಯರ ಹಾಗೆ ಬಲ್ಲವೂ ಅಲ್ಲ. ಜೈನ ಜೀವಶಾಸ್ತ್ರದಲ್ಲಿ ಈ ನಡುವಿನ ಜಾಗ ಖಾಲಿಯಿಲ್ಲ. ಒಂದೇ ಇಂದ್ರಿಯ, ಅಂದರೆ ಸ್ಪರ್ಶ ಮಾತ್ರ ಇರುವ ಏಕೇಂದ್ರಿಯ ಜೀವಗಳನ್ನು ಅದು ಒಪ್ಪುತ್ತದೆ. ಅವಕ್ಕೆ ಮನಸ್ಸಿಲ್ಲ, ಆದರೆ ಆಹಾರದ ಹಂಬಲವಿದೆ, ಭಯವಿದೆ ಎನ್ನುತ್ತದೆ.

ಅಲ್ಲಿಗೇ ನಿಲ್ಲುವುದಿಲ್ಲ. ಹತ್ತನೆಯ ಶತಮಾನದಲ್ಲಿ ಶ್ರವಣಬೆಳಗೊಳದ ಪರಿಸರದಲ್ಲಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರವೆಂಬ ಪ್ರಾಕೃತ ಗ್ರಂಥವನ್ನು ರಚಿಸಿದರು. ವಿಂಧ್ಯಗಿರಿಯ ಮೇಲೆ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯನಿಗೆ ಅವರು ಗುರುಗಳು. ಗ್ರಂಥದ ಹೆಸರಿನಲ್ಲಿರುವ ಗೊಮ್ಮಟ ಎಂಬುದು ಚಾವುಂಡರಾಯನ ಇನ್ನೊಂದು ಹೆಸರು. ಗೊಮ್ಮಟಸಾರದ ಜೀವಕಾಂಡದಲ್ಲಿ ನಿಗೋದ ಜೀವಗಳ ವಿವರಣೆ ಬರುತ್ತದೆ. ಕಣ್ಣಿಗೆ ಕಾಣದ, ಎಣಿಕೆಗೆ ಸಿಗದ ಅನಂತ ಜೀವಗಳು ಒಂದೇ ಶರೀರವನ್ನು ಹಂಚಿಕೊಂಡಿರುತ್ತವೆ. ಅವುಗಳ ಆಹಾರ ಒಂದೇ, ಉಸಿರಾಟ ಒಂದೇ. ಒಟ್ಟಿಗೆ ಹುಟ್ಟಿ ಒಟ್ಟಿಗೆ ಸಾಯುತ್ತವೆ. ಇದನ್ನು ಓದಿದವರಿಗೆ ಸೂಕ್ಷ್ಮದರ್ಶಕದ ಅಡಿಯ ದೃಶ್ಯ ನೆನಪಾದರೆ ಆಶ್ಚರ್ಯವಿಲ್ಲ.

ನೆನಪಾಗಲಿ, ಆದರೆ ಅಲ್ಲಿಂದ ಮುಂದೆ ಹೋಗಿ ಜೈನಾಚಾರ್ಯರಿಗೆ ಬ್ಯಾಕ್ಟೀರಿಯಾ ಗೊತ್ತಿತ್ತು ಎನ್ನುವುದು ತಪ್ಪು. ಬ್ಯಾಕ್ಟೀರಿಯಾವನ್ನು ಮೊದಲು ಕಂಡದ್ದು 1670ರ ದಶಕದಲ್ಲಿ, ಹಾಲೆಂಡಿನ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದ ಮೂಲಕ. ನೇಮಿಚಂದ್ರರು ಜೀವದ ಸ್ವರೂಪವನ್ನು, ಕರ್ಮಬಂಧವನ್ನು ವಿವರಿಸಲು ಹೊರಟವರು, ಮಣ್ಣಿನ ರಸಾಯನವನ್ನಲ್ಲ. ಅವರಿಂದ ಇಂದಿನವರಿಗೆ ಸಿಗುವುದು ಒಂದು ಎಚ್ಚರ: ಕಾಣದಷ್ಟು ಚಿಕ್ಕ ಜೀವವನ್ನೂ ಲೆಕ್ಕದಿಂದ ಹೊರಗಿಡಬಾರದು. ಧರ್ಮಗ್ರಂಥದಲ್ಲಿ ವಿಜ್ಞಾನವನ್ನು ಹುಡುಕಿ ಹೆಮ್ಮೆಪಡುವ ಚಾಳಿಯಿಂದ ಎರಡಕ್ಕೂ ನಷ್ಟ.

ಪ್ಯಾರಾಥಿಯಾನ್ ಹುಟ್ಟಿದ ಬಗೆಯನ್ನು ನೋಡಿದರೆ ಸಂಕಲ್ಪದ ಪ್ರಶ್ನೆ ಇನ್ನೊಂದು ಕಡೆಯಿಂದ ಎದುರಾಗುತ್ತದೆ. ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಎಂಬ ರಸಾಯನ ವಿಜ್ಞಾನಿ ಕೀಟಗಳನ್ನು ಕೊಲ್ಲುವ ರಂಜಕದ ಸಂಯುಕ್ತಗಳನ್ನು ಹುಡುಕುತ್ತಿದ್ದ. 1936ರಲ್ಲಿ ಅವನ ಕೈಗೆ ಸಿಕ್ಕಿದ್ದು ಟ್ಯಾಬುನ್, 1938ರಲ್ಲಿ ಸಾರಿನ್. ಎರಡೂ ಮನುಷ್ಯರನ್ನು ನಿಮಿಷಗಳಲ್ಲಿ ಕೊಲ್ಲಬಲ್ಲ ನರವಿಷಗಳು; ಜರ್ಮನ್ ಸೇನೆ ಅವನ್ನು ತನ್ನದಾಗಿಸಿಕೊಂಡಿತು. 1944ರಲ್ಲಿ ಅದೇ ದಾರಿಯಲ್ಲಿ ಸಿಕ್ಕಿದ್ದು ಪ್ಯಾರಾಥಿಯಾನ್. ಅದು ಹೊಲಕ್ಕೆ ಬಂತು. ಕೀಟದ ನರವನ್ನು ಅದು ಹೇಗೆ ಕೆಡಿಸುತ್ತದೆಯೋ ಮನುಷ್ಯನ ನರವನ್ನೂ ಹಾಗೆಯೇ ಕೆಡಿಸುತ್ತದೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಸೋಂಕಿದ ಗೋಧಿಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಭಾರತದಲ್ಲಿ ಕೀಟನಾಶಕದಿಂದಾದ ದುರಂತಗಳಲ್ಲಿ ಮೊದಲು ದಾಖಲಾದದ್ದು ಅದು. ಅಲ್ಲಿ ಯಾರೂ ಯಾರನ್ನೂ ಕೊಲ್ಲಲು ಹೊರಟಿರಲಿಲ್ಲ.

ಕೊಲ್ಲುವ ಉದ್ದೇಶವಿಲ್ಲದೆ ನೂರಕ್ಕೂ ಹೆಚ್ಚು ಸಾವು. ಕಾಪಾಡುವ ಉದ್ದೇಶವಿಲ್ಲದೆ ವಿಷದ ನಾಶ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂಬುದು ಇಲ್ಲಿಯ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ಮೊದಲು ಮಣ್ಣಿನೊಳಗೆ ನಡೆಯುವುದನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು.

ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಬಿತ್ತಿದ ಎರಡು ಮೂರು ದಿನದೊಳಗೆ ಅಟ್ರಾಜಿನ್ ಹೊಡೆಯುವುದು ರೂಢಿ. ಕಳೆ ಮೊಳೆಯುವ ಮೊದಲೇ ಅದನ್ನು ಕೊಲ್ಲುವ ಔಷಧಿ ಅದು. 1950ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಈ ರಾಸಾಯನಿಕ ಬೇಗ ಒಡೆಯದೆ ಅಂತರ್ಜಲಕ್ಕೆ ಇಳಿಯುತ್ತದೆ. ಅದೇ ಕಾರಣಕ್ಕೆ ಯುರೋಪಿಯನ್ ಒಕ್ಕೂಟ ಅದನ್ನು ಕೈಬಿಟ್ಟಿತು. ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಕಳೆನಾಶಕ ಚೆಲ್ಲಿಹೋಗಿದ್ದ ಒಂದು ಜಾಗದ ಮಣ್ಣಿನಿಂದ 1990ರ ದಶಕದಲ್ಲಿ ಅಲ್ಲಿಯ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅದನ್ನು ಗುರುತಿಸುವ ವಿಧಾನ ಸರಳ. ಅಗರ್ ತಟ್ಟೆಯಲ್ಲಿ ನೀರಿಗೆ ಕರಗಲಾರದಷ್ಟು ಅಟ್ರಾಜಿನ್ ಬೆರೆಸುತ್ತಾರೆ. ತಟ್ಟೆ ಬೆಳ್ಳಗೆ ಮಸುಕಾಗುತ್ತದೆ. ಬ್ಯಾಕ್ಟೀರಿಯಾದ ಚುಕ್ಕಿ ಬೆಳೆದಂತೆ ಅದರ ಸುತ್ತ ಒಂದು ಉಂಗುರದಷ್ಟು ಜಾಗ ತಿಳಿಯಾಗುತ್ತದೆ. ತಿಳಿಯಾದ ಕಡೆ ಅಟ್ರಾಜಿನ್ ಇಲ್ಲ.

ಸ್ಯೂಡೊಮೊನಾಸ್ ಎಡಿಪಿ ಎಂದು ಹೆಸರಾದ ಆ ಬ್ಯಾಕ್ಟೀರಿಯಾದಲ್ಲಿ ಕೆಲಸ ಹೆಜ್ಜೆಹೆಜ್ಜೆಯಾಗಿ ಸಾಗುತ್ತದೆ. ಮೊದಲ ಕಿಣ್ವ ಅಟ್ರಾಜಿನ್ ಅಣುವಿನಿಂದ ಕ್ಲೋರಿನ್ ಕೀಳುತ್ತದೆ. ಕಳೆಯನ್ನು ಕೊಲ್ಲುವ ಶಕ್ತಿ ಆ ಹೆಜ್ಜೆಗೇ ಹೋಗುತ್ತದೆ. ಎರಡನೆಯದು, ಮೂರನೆಯದು ಸೇರಿ ಪಕ್ಕದ ಎರಡು ಕೊಂಬೆಗಳನ್ನು ತೆಗೆಯುತ್ತವೆ. ಉಳಿಯುವುದು ಸಯನ್ಯೂರಿಕ್ ಆಮ್ಲದ ಉಂಗುರ. ಮುಂದಿನ ಕಿಣ್ವಗಳು ಉಂಗುರವನ್ನೂ ಒಡೆದು ಕೊನೆಗೆ ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಮಾಡಿಬಿಡುತ್ತವೆ. ಇಷ್ಟೂ ಒಂದೇ ಜೀವಿಯೊಳಗೆ ನಡೆಯಬಹುದು. ಆದರೆ ಅದೇ ಪ್ರಯೋಗಾಲಯ 1998ರಲ್ಲಿ ವರದಿ ಮಾಡಿದ ಇನ್ನೊಂದು ಗುಂಪಿನಲ್ಲಿ ಇದೇ ಕೆಲಸ ಹಂಚಿಹೋಗಿತ್ತು. ನಾಲ್ಕೋ ಅದಕ್ಕಿಂತ ಹೆಚ್ಚೋ ಪ್ರಭೇದಗಳಿದ್ದ ಆ ಗುಂಪಿನಲ್ಲಿ ಕ್ಲಾವಿಬ್ಯಾಕ್ಟರ್ ಎಂಬುದು ಮೊದಲೆರಡು ಹೆಜ್ಜೆ ಇಡುತ್ತಿತ್ತು, ಒಂದು ಸ್ಯೂಡೊಮೊನಾಸ್ ಮುಂದಿನದನ್ನು ಮುಗಿಸುತ್ತಿತ್ತು. ಎಲ್ಲವನ್ನೂ ಬಲ್ಲ ಒಂದು ಜೀವಿ ಇಲ್ಲದಿದ್ದರೂ ಬಲ್ಲಷ್ಟನ್ನು ಮಾಡುವ ಎರಡು ಸೇರಿ ಕೆಲಸ ಪೂರೈಸಿದವು.

ಈ ಕಿಣ್ವಗಳು ಬಂದದ್ದೆಲ್ಲಿಂದ? ಮೆಲಮಿನ್ ಎಂಬ ಪದಾರ್ಥದಿಂದ ಅಮೋನಿಯಾ ಕೀಳುವ ಇನ್ನೊಂದು ಕಿಣ್ವವಿದೆ. ಅದನ್ನೂ ಅಟ್ರಾಜಿನ್‌ನ ಕ್ಲೋರಿನ್ ಕೀಳುವ ಕಿಣ್ವವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ 475 ಅಮೈನೋ ಆಮ್ಲಗಳಲ್ಲಿ ವ್ಯತ್ಯಾಸವಿದ್ದದ್ದು ಒಂಬತ್ತರಲ್ಲಿ ಮಾತ್ರ. ಅಷ್ಟು ಸಣ್ಣ ಬದಲಾವಣೆಗೆ ಕೆಲಸವೇ ಬದಲಾಗಿದೆ. ಮನುಷ್ಯ ಹೊಸ ವಿಷ ಸುರಿದ ಕೆಲವೇ ದಶಕಗಳಲ್ಲಿ ಮಣ್ಣು ಅದಕ್ಕೆ ತಕ್ಕ ಕಿಣ್ವವನ್ನು ಕಂಡುಕೊಂಡಿತು. ಅಷ್ಟೇ ಅಲ್ಲ, ಆ ಜೀನುಗಳು ಪ್ಲಾಸ್ಮಿಡ್ ಎಂಬ ಡಿಎನ್‌ಎ ಬಳೆಯ ಮೇಲಿರುವುದರಿಂದ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲವು. ಬೇರೆ ಬೇರೆ ಖಂಡಗಳ ಮಣ್ಣಿನಿಂದ, ಬೇರೆ ಬೇರೆ ಪ್ರಭೇದಗಳಿಂದ ಹೆಕ್ಕಿದ ಜೀನುಗಳು ಹೆಚ್ಚುಕಡಿಮೆ ಒಂದೇ ಆಗಿವೆ. ತಂದೆತಾಯಿಯಿಂದ ಮಕ್ಕಳಿಗಷ್ಟೇ ಅಲ್ಲ, ನೆರೆಯವರಿಂದ ನೆರೆಯವರಿಗೂ ಇಳಿದುಬರುವ ಆಸ್ತಿ ಇದು.

ಕರ್ನಾಟಕದಲ್ಲೂ ಈ ಹುಡುಕಾಟ ನಡೆದಿದೆ. ಮನೆಮನೆಯಲ್ಲಿ ಇರುವೆಗೆ ಎರಚುತ್ತಿದ್ದ ಗ್ಯಾಮಾಕ್ಸಿನ್ ಪುಡಿ, ಹೊಲಕ್ಕೆ ಎರಚುತ್ತಿದ್ದ ಬಿಎಚ್‌ಸಿ ಪುಡಿ ಹಲವರಿಗೆ ನೆನಪಿರಬಹುದು. ಬಿಎಚ್‌ಸಿಗೆ ಭಾರತದಲ್ಲಿ ನಿಷೇಧ ಬಿದ್ದದ್ದು 1997ರಲ್ಲಿ. ಅದರ ಒಂದು ರೂಪವನ್ನು ಒಡೆಯಲು ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಒಂದೇ ಬ್ಯಾಕ್ಟೀರಿಯಾವನ್ನು ಹುಡುಕದೆ ಒಂದು ಗುಂಪನ್ನೇ ಪಳಗಿಸಿ, ಅದರ ವಿವರವನ್ನು 2000ದಲ್ಲಿ ಪ್ರಕಟಿಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗ ಕಾರ್ಬರಿಲ್ ತಿನ್ನುವ ಮೈಕ್ರೋಕಾಕಸ್ ಬಗ್ಗೆ 2001ರಲ್ಲಿ ವರದಿ ಮಾಡಿತು. ಭೋಪಾಲದ ಕಾರ್ಖಾನೆ ತಯಾರಿಸುತ್ತಿದ್ದ ಕೀಟನಾಶಕ ಇದೇ ಕಾರ್ಬರಿಲ್. ಅದನ್ನು ಮಾಡಲು ಸಂಗ್ರಹಿಸಿಟ್ಟ ರಾಸಾಯನಿಕವೇ 1984ರ ಡಿಸೆಂಬರ್ ರಾತ್ರಿ ಅನಿಲವಾಗಿ ಹೊರಬಿದ್ದದ್ದು.

ಸರಿ, ಹೀಗೆ ಹಂಚಿಕೊಂಡು ದುಡಿಯುವುದು ಬ್ಯಾಕ್ಟೀರಿಯಾಗಳಿಗೆ ರೂಢಿಯಾದದ್ದು ಹೇಗೆ? ಅಮೆರಿಕದ ಮೂವರು ವಿಜ್ಞಾನಿಗಳು 2012ರಲ್ಲಿ ಒಂದು ವಿವರಣೆ ಕೊಟ್ಟರು. ಕೆಲವು ಕೆಲಸಗಳ ಫಲ ಮಾಡಿದವರಲ್ಲೇ ಉಳಿಯುವುದಿಲ್ಲ, ಸುತ್ತಲಿಗೂ ಸೋರುತ್ತದೆ. ಸೋರಿದ್ದು ಸಾಕಷ್ಟು ಸಿಗುವ ಕಡೆ, ಆ ಕೆಲಸ ಮಾಡುವ ಜೀನನ್ನು ಕಳೆದುಕೊಂಡ ಜೀವಿಗೇ ಲಾಭ. ಅದರ ಹೊರೆ ಇಳಿಯುತ್ತದೆ. ಹೀಗೆ ಒಂದೊಂದು ಒಂದೊಂದನ್ನು ಕಳೆದುಕೊಳ್ಳುತ್ತ ಹೋಗಿ ಕೊನೆಗೆ ಯಾವುದೂ ಒಂಟಿಯಾಗಿ ಬಾಳಲಾರದ ಸ್ಥಿತಿಗೆ ಬರುತ್ತವೆ. ಸಮುದ್ರದ ಪ್ರೊಕ್ಲೋರೋಕಾಕಸ್ ಅವರ ಉದಾಹರಣೆ. ನೀರಿನಲ್ಲಿ ಸೇರುವ ಹೈಡ್ರೋಜನ್ ಪೆರಾಕ್ಸೈಡನ್ನು ನಾಶಮಾಡುವ ಕಿಣ್ವ ಅದರಲ್ಲಿಲ್ಲ. ಸುತ್ತಲಿನ ಬೇರೆ ಬ್ಯಾಕ್ಟೀರಿಯಾ ಮಾಡುವ ಆ ಕೆಲಸವನ್ನೇ ಅದು ನೆಚ್ಚಿಕೊಂಡಿದೆ. ಈ ವಿವರಣೆಯಲ್ಲಿ ಔದಾರ್ಯಕ್ಕೆ ಜಾಗವಿಲ್ಲ. ಪರಸ್ಪರಾವಲಂಬನೆ ಇಲ್ಲಿ ದಾನದಿಂದ ಹುಟ್ಟಿದ್ದಲ್ಲ, ಕಳೆದುಕೊಂಡದ್ದರಿಂದ ಹುಟ್ಟಿದ್ದು.

ಇದನ್ನು ನಿಷ್ಕಾಮ ಕರ್ಮ ಎಂದು ಕರೆಯಲು ಮನಸ್ಸು ತವಕಿಸುವುದು ಸಹಜ. ಫಲದ ಆಸೆಯಿಲ್ಲದೆ ದುಡಿಯುತ್ತಿವೆಯಲ್ಲ ಎಂದು. ಆ ಮಾತು ನಿಲ್ಲುವುದಿಲ್ಲ. ಆಸೆಪಡಬಲ್ಲವನು ಆಸೆ ಬಿಟ್ಟಾಗ ಅದು ನಿಷ್ಕಾಮ. ಆಸೆಪಡಲು ಮನಸ್ಸೇ ಇಲ್ಲದ ಜೀವಿಯ ಮಟ್ಟಿಗೆ ಬಿಟ್ಟದ್ದು ಏನೂ ಇಲ್ಲ. ಶರಣರ ದಾಸೋಹಕ್ಕೂ ಇದನ್ನು ಹೋಲಿಸಲಾಗದು. ತನ್ನದನ್ನು ಜಂಗಮಕ್ಕೆ ಸಲ್ಲಿಸುವವನಿಗೆ ತನ್ನದು ಎಂಬುದೊಂದು ಇದ್ದು, ಅದು ತನ್ನದಲ್ಲ ಎಂಬ ಅರಿವು ಮೂಡಬೇಕು. ಬ್ಯಾಕ್ಟೀರಿಯಾಗಳನ್ನು ಸಂತರನ್ನಾಗಿ ಮಾಡುವುದರಿಂದ ಸಂತರ ಸಾಧನೆ ಸಣ್ಣದಾಗುತ್ತದೆ, ಬ್ಯಾಕ್ಟೀರಿಯಾಗಳ ಬದುಕೂ ಅರ್ಥವಾಗುವುದಿಲ್ಲ.

ಆದರೂ ಅವುಗಳ ನೆರವು ಸುಳ್ಳಲ್ಲ. ತತ್ತ್ವಾರ್ಥಸೂತ್ರ ಆ ಮಾತನ್ನು ದ್ರವ್ಯಗಳ ವಿವರಣೆಯಲ್ಲಿಟ್ಟಿರುವುದು ಇಲ್ಲಿ ಬೆಳಕು ಕೊಡುತ್ತದೆ. ನೆರವು ಎಂಬುದು ಮೊದಲು ಇರವಿನ ಸಂಗತಿ. ಪುಣ್ಯ ಎಂಬುದು ಆಮೇಲೆ, ಮನಸ್ಸಿರುವವರ ಮಟ್ಟಿಗೆ ಬರುವ ಸಂಗತಿ. ಪುಣ್ಯ ಸಿಗುವುದಿಲ್ಲ ಎಂದ ಮಾತ್ರಕ್ಕೆ ನೆರವು ಇಲ್ಲವಾಗುವುದಿಲ್ಲ.

ಹಾಗೆಂದು ಆ ನೆರವು ಯಾವಾಗಲೂ ಮನುಷ್ಯನ ಪರವಾಗಿರುತ್ತದೆ ಎಂದೂ ತಿಳಿಯಬಾರದು. ಫಿಲಿಪ್ಪೀನ್ಸಿನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳಲ್ಲಿ ಕಂದು ಜಿಗಿಹುಳುವಿಗೆ ಡಯಾಜಿನಾನ್ ಹಾಕುತ್ತಿದ್ದರು. ಕೆಲವು ಸಲ ಹಾಕಿದ ಮೇಲೆ ಅದು ನಾಟದಂತಾಯಿತು. ಭಾರತೀಯ ವಿಜ್ಞಾನಿ ಎನ್. ಸೇತುನಾಥನ್ ಕಾರಣ ಹುಡುಕಿದರು. ಹುಳು ಗಟ್ಟಿಯಾಗಿರಲಿಲ್ಲ, ಗದ್ದೆಯ ನೀರಿನಲ್ಲಿ ಡಯಾಜಿನಾನ್ ಒಡೆಯುವ ಬ್ಯಾಕ್ಟೀರಿಯಾ ಹೆಚ್ಚಿದ್ದವು, ಔಷಧಿ ಹುಳುವನ್ನು ತಲುಪುವ ಮೊದಲೇ ಮಾಯವಾಗುತ್ತಿತ್ತು. ಸೇತುನಾಥನ್ ಮತ್ತು ಯೋಶಿದಾ 1973ರಲ್ಲಿ ಪ್ರಕಟಿಸಿದ ಆ ಬ್ಯಾಕ್ಟೀರಿಯಾ ಪ್ಯಾರಾಥಿಯಾನನ್ನೂ ಒಡೆಯುತ್ತದೆ. ಅದರಲ್ಲಿರುವ ಕಿಣ್ವಕ್ಕೆ ಶ್ರಾಡರ್ ಕಂಡುಹಿಡಿದ ಸಾರಿನ್ ಕೂಡ ಜೀರ್ಣವಾಗುತ್ತದೆ. ರೈತನ ಕಣ್ಣಿನಿಂದ ನೋಡಿದರೆ ಅದು ಔಷಧಿ ತಿಂದ ಕಳ್ಳ. ಗದ್ದೆಯ ಏಡಿ, ಕಪ್ಪೆ, ಮೀನಿನ ಪಾಲಿಗೆ ಪ್ರಾಣದಾತ. ಬ್ಯಾಕ್ಟೀರಿಯಾ ಮಾತ್ರ ತನ್ನ ಹಸಿವನ್ನಷ್ಟೇ ನೋಡಿಕೊಂಡಿತ್ತು.

ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷಯದಲ್ಲಿ ಇದು ಇನ್ನೂ ಕಹಿ. ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆ ಮತ್ತು ಸುತ್ತಲಿನ ಊರುಗಳ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಅದನ್ನು ಸುರಿದರು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ ಕಡೆಯ ಗೇರು ತೋಟಗಳ ಮೇಲೂ ಸುರಿದರು. ಹುಟ್ಟಿದ ಮಕ್ಕಳ ಸ್ಥಿತಿಯನ್ನು ಕಂಡು ಊರ ವೈದ್ಯರೊಬ್ಬರು ಎಚ್ಚರಿಸಿದರು, ಪತ್ರಕರ್ತ ಶ್ರೀಪಡ್ರೆ ಹೊರಜಗತ್ತಿಗೆ ತಿಳಿಸಿದರು, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿತು. ಮಣ್ಣಿನಲ್ಲಿ ಎಂಡೋಸಲ್ಫಾನ್ ಒಡೆಯಲು ಎರಡು ದಾರಿಗಳಿವೆ. ನೀರು ಸೇರಿ ಒಡೆದರೆ ಎಂಡೋಸಲ್ಫಾನ್ ಡಯಾಲ್ ಆಗುತ್ತದೆ, ಅದರ ವಿಷ ಕಡಿಮೆ. ಆಮ್ಲಜನಕ ಸೇರಿದರೆ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಅದು ಮೂಲದಷ್ಟೇ ವಿಷ, ಮೂಲಕ್ಕಿಂತ ಹೆಚ್ಚು ಕಾಲ ಉಳಿಯುವಂಥದು. ಎರಡೂ ದಾರಿಗಳಲ್ಲಿ ಸೂಕ್ಷ್ಮಜೀವಿಗಳ ಕೈವಾಡವಿದೆ. ಯಾವ ಮಣ್ಣಿನಲ್ಲಿ ಯಾವ ಜೀವಿಗಳಿವೆಯೋ ಅದರ ಮೇಲೆ ದಾರಿ ನಿರ್ಧಾರವಾಗುತ್ತದೆ. ಭೂಮಿತಾಯಿ ಎಲ್ಲವನ್ನೂ ಅರಗಿಸಿಕೊಳ್ಳುತ್ತಾಳೆ ಎಂಬ ನಂಬಿಕೆ ಭಕ್ತಿಯಂತೆ ಕಂಡರೂ ಅದರೊಳಗಿರುವುದು ತನ್ನ ಹೊಣೆಯನ್ನು ತಾಯಿಯ ತಲೆಗೆ ಕಟ್ಟುವ ಬುದ್ಧಿ.

ಹೊಣೆಯ ಮಾತು ಬಂದಾಗ ಮತ್ತೆ ತತ್ತ್ವಾರ್ಥಸೂತ್ರದ ಕಡೆಗೆ ಹೊರಳಬೇಕು. ಈ ಬಾರಿ ಏಳನೆಯ ಅಧ್ಯಾಯಕ್ಕೆ. ಹಿಂಸೆ ಎಂದರೇನು ಎಂದು ಹೇಳುವಾಗ ಅದು ಕೊಲ್ಲುವ ಉದ್ದೇಶವನ್ನು ಮುಂದಿಡುವುದಿಲ್ಲ, ಪ್ರಮಾದವನ್ನು ಮುಂದಿಡುತ್ತದೆ. ಎಚ್ಚರಗೇಡಿಯಾದ ಮನ, ವಚನ, ಕಾಯಗಳಿಂದ ಪ್ರಾಣಕ್ಕೆ ಆಗುವ ಹಾನಿಯೇ ಹಿಂಸೆ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯ ಇದನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ: ಎಚ್ಚರದಿಂದ ನಡೆಯುವವನ ಕಾಲಿಗೆ ಸಿಕ್ಕಿ ಜೀವ ಹೋದರೂ ಅವನಿಗೆ ಹಿಂಸೆಯ ದೋಷವಿಲ್ಲ, ಎಚ್ಚರಗೇಡಿಯ ಕಾಲಿಗೆ ಯಾವ ಜೀವವೂ ಸಿಗದಿದ್ದರೂ ಅವನು ಹಿಂಸಕನೇ.

ತಕ್ಕಡಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಬ್ಯಾಕ್ಟೀರಿಯಾದ ಉದ್ದೇಶವಿಲ್ಲದ ಒಳಿತೂ ಮನುಷ್ಯನ ಉದ್ದೇಶವಿಲ್ಲದ ಕೇಡೂ ಒಂದೇ ಜಾತಿಯವಲ್ಲ. ಬ್ಯಾಕ್ಟೀರಿಯಾಗೆ ಎಚ್ಚರವಾಗಿರುವ ಶಕ್ತಿಯಿಲ್ಲ, ಆದ್ದರಿಂದ ಪ್ರಮಾದವೂ ಇಲ್ಲ. ಮನುಷ್ಯನಿಗೆ ಆ ಶಕ್ತಿಯಿದೆ. ಕೊಲ್ಲಬೇಕೆಂದಿರಲಿಲ್ಲ ಎಂಬ ಸಮಜಾಯಿಷಿ, ಗೋಧಿಹಿಟ್ಟಿನ ಪಕ್ಕ ಪ್ಯಾರಾಥಿಯಾನ್ ಸಾಗಿಸಿದವರಿಗಾಗಲಿ, ಮನೆ ಬಾವಿಗಳ ಮೇಲೆ ಹೆಲಿಕಾಪ್ಟರ್ ಹಾರಿಸಿದವರಿಗಾಗಲಿ ಸಲ್ಲುವುದಿಲ್ಲ. ನೋಡಬಹುದಾಗಿತ್ತು, ನೋಡಲಿಲ್ಲ, ಆ ನೋಡದಿರುವಿಕೆಯೇ ಹಿಂಸೆ. ಗೃಹಸ್ಥರಿಗೆ ನಿಷಿದ್ಧವಾದ ಹದಿನೈದು ವೃತ್ತಿಗಳಲ್ಲಿ ವಿಷದ ವ್ಯಾಪಾರವನ್ನು ಜೈನ ಶ್ರಾವಕಾಚಾರ ಹೆಸರಿಸಿ ಸೇರಿಸಿರುವುದನ್ನೂ ಇಲ್ಲಿ ನೆನೆಯಬೇಕು.

ರೈತನ ಮಾತೇನು? ಬೆಳಗಾವಿ ಜಿಲ್ಲೆಯಲ್ಲಿ, ಗಡಿಯ ಆಚೆ ಸಾಂಗ್ಲಿ, ಕೊಲ್ಹಾಪುರದಲ್ಲಿ ತಲೆಮಾರುಗಳಿಂದ ಹೊಲ ಗೇಯುವ ಜೈನ ಕುಟುಂಬಗಳು ಸಾವಿರಾರು. ಅವರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಜೈನ ವಿಚಾರ ಹಿಂಸೆಯಲ್ಲಿ ನಾಲ್ಕು ಬಗೆ ಮಾಡುತ್ತದೆ: ಬೇಕೆಂದೇ ಮಾಡುವ ಸಂಕಲ್ಪಿ, ಅಡುಗೆ ಮನೆವಾರ್ತೆಯಲ್ಲಿ ಆಗುವ ಆರಂಭಿ, ಕಸುಬಿನಲ್ಲಿ ಆಗುವ ಉದ್ಯೋಗಿ, ಆತ್ಮರಕ್ಷಣೆಗಾಗಿ ಮಾಡುವ ವಿರೋಧಿ. ಗೃಹಸ್ಥ ಮೊದಲನೆಯದನ್ನು ಪೂರ್ತಿ ಬಿಡಬೇಕು, ಉಳಿದವನ್ನು ಆದಷ್ಟು ಕಡಿಮೆ ಮಾಡಬೇಕು. ನೇಗಿಲ ಮೊನೆಗೆ ಸಿಕ್ಕಿ ಸಾಯುವ ಹುಳು ಉದ್ಯೋಗಿ ಹಿಂಸೆಯಾಯಿತು. ಕಾಯಿಕೊರಕ ಬಿದ್ದ ತೊಗರಿಗೆ ಔಷಧಿ ಹೊಡೆಯುವುದು? ಅಲ್ಲಿ ಕೊಲ್ಲುವುದೇ ಗುರಿ. ಸಂಕಲ್ಪಿಯ ಹತ್ತಿರ ಬಂತು. ಸಾಲ ಮಾಡಿ ಬಿತ್ತಿದವನಿಗೆ ಬೆಳೆ ಹೋದರೆ ಜೀವನವೇ ಹೋಗುತ್ತದೆ. ಆಗ ವಿರೋಧಿ ಎನ್ನಬೇಕೇ? ಈ ತೊಡಕನ್ನು ಒಂದೇ ಮಾತಿನಲ್ಲಿ ಬಿಡಿಸಲಾಗದು. ಬಿಡಿಸಲಾಗದ್ದನ್ನು ರೈತನೊಬ್ಬನ ಆತ್ಮಸಾಕ್ಷಿಗೆ ಬಿಟ್ಟು ಕೈತೊಳೆದುಕೊಳ್ಳುವುದು ಅನ್ಯಾಯ. ಒಂದು ಮಾತು ಮಾತ್ರ ಸ್ಪಷ್ಟ: ಹುಳುವಿನ ಮೇಲೆ ಹೊಡೆದದ್ದು ಹುಳುವಿನಲ್ಲೇ ನಿಲ್ಲುವುದಿಲ್ಲ, ಮಣ್ಣಿಗೆ ಇಳಿಯುತ್ತದೆ. ಅಲ್ಲಿ ಅದನ್ನು ಎದುರುಗೊಳ್ಳುವ ಜೀವಗಳ ಸ್ಥಿತಿಗತಿ ತಿಳಿಯದೆ ಮತ್ತೆ ಮತ್ತೆ ಹೊಡೆಯುವುದು ಪ್ರಮಾದ.

ದಿಗಂಬರ ಮುನಿಗಳು ನಡೆಯುವಾಗ ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿಕೊಂಡು ಹೆಜ್ಜೆ ಇಡುತ್ತಾರೆ, ಕೂರುವ ಮೊದಲು ನವಿಲುಗರಿಯ ಪಿಂಛಿಯಿಂದ ಜಾಗವನ್ನು ಮೃದುವಾಗಿ ಗುಡಿಸುತ್ತಾರೆ. ನೋಡಿ ನಡೆಯುವುದೇ ಅಹಿಂಸೆಯ ಮೊದಲ ಅಭ್ಯಾಸ. ರೈತನಿಗೆ ತನ್ನ ನೆಲದೊಳಗನ್ನು ನೋಡುವ ಕಣ್ಣಿಲ್ಲ. ಅದನ್ನು ಕೊಡಬೇಕಾದ್ದು ಕೃಷಿ ಇಲಾಖೆ, ಕೃಷಿ ವಿಶ್ವವಿದ್ಯಾಲಯಗಳು. 2015ರಿಂದ ಸರ್ಕಾರ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಹೊಡೆದ ಔಷಧಿಯಲ್ಲಿ ಎಷ್ಟು ಉಳಿದಿದೆ ಎಂಬುದು ಅದರಲ್ಲಿಲ್ಲ. ಅದನ್ನು ಒಡೆಯುವ ಜೀವಿಗಳು ಇನ್ನೂ ಬದುಕಿವೆಯೇ ಎಂಬುದೂ ಇಲ್ಲ. ಇವೆರಡನ್ನೂ ಚೀಟಿಗೆ ಸೇರಿಸಬೇಕು. ರೈತಸಂಘಗಳು ಇದನ್ನು ಕೇಳಲಿ, ಮಠಗಳೂ ಬಸದಿಗಳೂ ದನಿಗೂಡಿಸಲಿ. ಮಣ್ಣು ಪರೀಕ್ಷೆಗೆ ಕೊಡುವವರು ಮುಂದಿನ ಸಲ ಕೇಂದ್ರಕ್ಕೆ ಹೋದಾಗ ಔಷಧಿ ಶೇಷದ ಪರೀಕ್ಷೆ ಎಲ್ಲಿ ಆಗುತ್ತದೆ ಎಂದು ಅಲ್ಲಿಯವರನ್ನು ಕೇಳಲಿ.